ಬಳ್ಳಾರಿ ರಸ್ತೆಯ ಪೆಪ್ಟೈಡ್ ಪರಂಪರೆ

ಬೆಂಗಳೂರಿನ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಕಾರ್ಖಾನೆಗಳ ಹಾದಿ ಹಿಡಿಯುತ್ತಾರೆ. 1940ರ ವಿಮಾನ ಕಾರ್ಖಾನೆ, 1953ರ ಎಚ್‌ಎಂಟಿ, ಜಾಲಹಳ್ಳಿಯ ಬಿಇಎಲ್, ಆಮೇಲೆ ಒಂದೇ ನೆಗೆತಕ್ಕೆ ಸಾಫ್ಟ್‌ವೇರ್. ಸೈರನ್ ಕೂಗಿಸದ, ಸಾವಿರಾರು ಜನರನ್ನು ಪಾಳಿಯ ಮೇಲೆ ಕರೆಸಿಕೊಳ್ಳದ ಕಸುಬುಗಳು ಈ ಕಥನದೊಳಗೆ ಬರುವುದೇ ಇಲ್ಲ. ಹಾಗೆ ಹೊರಗುಳಿದ ಕಸುಬುಗಳಲ್ಲಿ ಪೆಪ್ಟೈಡ್ ಕಟ್ಟುವ ವಿದ್ಯೆಯೂ ಒಂದು. ಅಮೈನೊ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಸರಪಳಿ ಮಾಡುವುದು, ಆ ಸರಪಳಿಯನ್ನು ಹೋಲುವ, ಆದರೆ ದೇಹದೊಳಗೆ ಬೇಗ ಕರಗಿಹೋಗದ ಅನುಕಾರಿ ಅಣುಗಳನ್ನು ತಯಾರಿಸುವುದು ಈ ವಿದ್ಯೆಯ ತಿರುಳು. ಉತ್ತರ ಬೆಂಗಳೂರಿನ ನಕ್ಷೆಯಲ್ಲಿ ಸಹಕಾರನಗರದ ಮೇಲೆ ಬೆರಳಿಟ್ಟರೆ ಈ ಕಸುಬಿನ ನೆಲೆಗಳಲ್ಲಿ ಹಲವು ಅದರ ಸುತ್ತಲೇ ಸಿಗುತ್ತವೆ. ಉತ್ತರಕ್ಕೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹಸಿರಿನೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್, ಬಳ್ಳಾರಿ ರಸ್ತೆ ದಾಟಿದರೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ದಕ್ಷಿಣಕ್ಕೆ ಹೆಬ್ಬಾಳದಲ್ಲಿ ಹಿಂದೆ ಇದ್ದ ಆಸ್ಟ್ರಾಝೆನೆಕಾ ಸಂಶೋಧನಾಲಯ, ನೈಋತ್ಯಕ್ಕೆ ಯಶವಂತಪುರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ಸಹಕಾರನಗರ ಮನೆಗಳ ಬಡಾವಣೆ, ನಿಜ. ಆದರೆ ಅರ್ಧ ಶತಮಾನದ ಒಂದು ವೈಜ್ಞಾನಿಕ ಪರಂಪರೆ ಅದರ ನಾಲ್ಕು ದಿಕ್ಕಿಗೂ ಹರಡಿದೆ. ಈ ಪರಂಪರೆ ಹುಟ್ಟಿದ್ದು ಯಾವುದೋ ಔಷಧಿ ಬೇಕೆಂಬ ಹಸಿವಿನಿಂದಲ್ಲ, ಅಣುವಿನ ಆಕಾರವನ್ನು ಅಳೆಯುವ ಶಿಸ್ತಿನಿಂದ ಎಂಬುದು ನನ್ನ ವಾದ. ಅದರ ಬಲಕ್ಕೂ ಮಿತಿಗೂ ಆ ಹುಟ್ಟೇ ಕಾರಣ.

ಅನುಕರಣೆ ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. ಪೆಪ್ಟೈಡ್ ಔಷಧಿ ನಮ್ಮ ಮನೆಗಳಿಗೆ ಹೊಸತೇನಲ್ಲ. ಮೊಣಕಾಲು ತರಚಿದ ಮಗುವಿಗೆ ಉದುರಿಸುವ ನಿಯೋಸ್ಪೊರಿನ್ ಪುಡಿಯಲ್ಲಿರುವ ಮೂರು ಔಷಧಿಗಳಲ್ಲಿ ಪಾಲಿಮಿಕ್ಸಿನ್ ಮತ್ತು ಬ್ಯಾಸಿಟ್ರಾಸಿನ್ ಎರಡೂ ಬ್ಯಾಕ್ಟೀರಿಯಗಳೇ ತಯಾರಿಸುವ ಪೆಪ್ಟೈಡ್‌ಗಳು. ಚರ್ಮದ ಮೇಲೆ ಉದುರಿಸುವುದು ಸುಲಭ. ಅದೇ ಬಗೆಯ ಸರಪಳಿಯನ್ನು ನುಂಗಿದರೆ ಅಥವಾ ರಕ್ತಕ್ಕೆ ಕೊಟ್ಟರೆ ಕತೆ ಬೇರೆ. ಪ್ರೋಟೀನನ್ನು ಒಡೆದು ಅರಗಿಸುವುದೇ ಕೆಲಸವಾಗಿರುವ ಕಿಣ್ವಗಳು ದೇಹದ ತುಂಬ ಇವೆ. ಔಷಧಿ ಯಾವುದು, ಊಟ ಯಾವುದು ಎಂದು ಅವು ನೋಡುವುದಿಲ್ಲ. ಊಟವಾದ ಮೇಲೆ ಕರುಳು ಸ್ರವಿಸುವ, ಇನ್ಸುಲಿನ್ ಬಿಡುಗಡೆಗೆ ನೆರವಾಗುವ ಜಿಎಲ್‌ಪಿ-1 ಎಂಬ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ನಿಮಿಷ ಸಾಕು. ಆದ್ದರಿಂದ ರಸಾಯನಜ್ಞರು ಕಿಣ್ವದ ಕಣ್ಣು ತಪ್ಪಿಸುವ ಹಾದಿಗಳನ್ನು ಹುಡುಕಿದರು. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಲ್ಲಿ ಸಿಕ್ಕ ಪೆಪ್ಟೈಡ್‌ಗಳ ಜಾಡು ಹಿಡಿದು, ಅವುಗಳ ಕೆಲಸವನ್ನು ಒಂದು ಪುಟ್ಟ ಅಣುವಿನಿಂದ ಮಾಡಿಸಿದಾಗ ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ಮಾತ್ರೆ ಬಂತು. ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1981ರಲ್ಲಿ. 1995ರಲ್ಲಿ ಎಚ್‌ಐವಿ ವಿರುದ್ಧ ಬಂದ ಸಾಕ್ವಿನಾವಿರ್ ಕೂಡ ಪೆಪ್ಟೈಡಿನ ವೇಷ ತೊಟ್ಟು ವೈರಸ್ಸಿನ ಕಿಣ್ವವನ್ನು ಕಟ್ಟಿಹಾಕುವ ಅಣು. ಇನ್ನೊಂದು ಹಾದಿಯನ್ನು 1992ರಲ್ಲಿ ಅಮೆರಿಕದ ಕೈರಾನ್ ಕಂಪನಿಯ ರೊನಾಲ್ಡ್ ಝುಕರ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಪ್ರೋಟೀನಿನಲ್ಲಿ ಇಂಗಾಲಕ್ಕೆ ಅಂಟಿಕೊಂಡಿರುವ ಪಕ್ಕದ ಗುಂಪನ್ನು ಅವರು ಅದರ ಪಕ್ಕದ ಸಾರಜನಕಕ್ಕೆ ಜರುಗಿಸಿದರು. ಅದೇ ಪೆಪ್ಟಾಯ್ಡ್. ಒಂದು ಪರಮಾಣುವಿನಷ್ಟು ಸ್ಥಾನಪಲ್ಲಟ, ಅಷ್ಟಕ್ಕೇ ಕಿಣ್ವದ ಕತ್ತರಿ ಅಲ್ಲಿ ಹರಿಯದಾಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂಲ ಸರಪಳಿಯ ಯಾವ ಭಾಗವನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು? ಅನುಕರಣೆ ಎಂದರೆ ಆಕಾರದ ಅನುಕರಣೆ. ಬೀಗದೊಳಗೆ ಹೋಗಬೇಕಾದ್ದು ಕೀಲಿಯ ಹಲ್ಲು, ಅದನ್ನು ಯಾವ ಲೋಹದಿಂದ ಮಾಡಿದ್ದಾರೆ ಎಂಬುದು ಬೀಗಕ್ಕೆ ಬೇಕಿಲ್ಲ. ಆಕಾರವನ್ನು ಅಳೆಯದೆ ಅನುಕರಿಸಲು ಹೊರಟರೆ ಅದು ಕುರುಡು ಹುಡುಕಾಟ. ಆ ಅಳತೆಯ ವಿದ್ಯೆ ಬೆಂಗಳೂರಿಗೆ ಮದರಾಸಿನ ಮೂಲಕ ಬಂತು. ಜಿ. ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಅವರು ಪ್ರಕಟಿಸಿದ ಪ್ರಬಂಧ ಪ್ರೋಟೀನ್ ವಿಜ್ಞಾನದ ಪಂಚಾಂಗವನ್ನೇ ಹಾಕಿತು. ಪೆಪ್ಟೈಡ್ ಸರಪಳಿಯ ಪ್ರತಿ ಕೊಂಡಿಯೂ ಎರಡು ಕೋನಗಳಲ್ಲಿ ಮಾತ್ರ ತಿರುಗಬಲ್ಲದು. ಆ ಎರಡು ಕೋನಗಳನ್ನು ಒಂದು ಚೌಕದ ಎರಡು ಬದಿಗೆ ಗುರುತಿಸಿ, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗಗಳನ್ನೆಲ್ಲ ಹೊಡೆದುಹಾಕಿದರೆ ಉಳಿಯುವುದು ಕೆಲವೇ ದ್ವೀಪಗಳು. ಸರಪಳಿ ಬಾಳಬೇಕಾದ್ದು ಆ ದ್ವೀಪಗಳಲ್ಲೇ. ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ರಾಮಚಂದ್ರನ್ ನಕ್ಷೆಯ ಮೇಲಿಟ್ಟು ಸರಿ ನೋಡುತ್ತಾರೆ. 1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಔಷಧಿಯ ಮಾತು ಅಲ್ಲಿ ಆಗ ಯಾರ ಬಾಯಲ್ಲೂ ಇರಲಿಲ್ಲ. ಇದ್ದದ್ದು ಕೋನ, ಹರಳು, ಲೆಕ್ಕ.

ಆ ವಿಭಾಗಕ್ಕೆ 1973ರಲ್ಲಿ ಸೇರಿದ ಪದ್ಮನಾಭನ್ ಬಲರಾಮ್ ಹಾರ್ವರ್ಡ್‌ನಲ್ಲಿ ಆರ್. ಬಿ. ವುಡ್‌ವರ್ಡ್ ಅವರ ಬಳಿ ಎರಿತ್ರೊಮೈಸಿನ್ ಕಟ್ಟುವ ಕೆಲಸದಲ್ಲಿ ಪಳಗಿ ಬಂದವರು. ಅವರು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ತೀರ ಸಣ್ಣದು. ಮಣ್ಣಿನಲ್ಲಿರುವ ಟ್ರೈಕೊಡರ್ಮಾ ಎಂಬ ಬೂಷ್ಟು ಅಲಮೆಥಿಸಿನ್ ಎಂಬ ಪೆಪ್ಟೈಡನ್ನು ತಯಾರಿಸುತ್ತದೆ. (ಅದೇ ಟ್ರೈಕೊಡರ್ಮಾವನ್ನು ನಮ್ಮ ರೈತರು ಬೇರುಕೊಳೆ ರೋಗಕ್ಕೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುತ್ತಾರೆ.) ಅಲಮೆಥಿಸಿನ್‌ನ ಸುಮಾರು ಇಪ್ಪತ್ತು ಕೊಂಡಿಗಳಲ್ಲಿ ಹಲವು ಸಾಮಾನ್ಯ ಅಮೈನೊ ಆಮ್ಲಗಳಲ್ಲ. ಅವು ಐಬ್ ಎಂದು ಚಿಕ್ಕದಾಗಿ ಕರೆಯುವ ಆಲ್ಫಾ-ಅಮೈನೊ ಐಸೊಬ್ಯುಟಿರಿಕ್ ಆಮ್ಲ. ಅಲನಿನ್‌ಗೆ ಒಂದು ಮೀಥೈಲ್ ಗುಂಪಿದ್ದರೆ ಐಬ್‌ಗೆ ಎರಡು. ಅಷ್ಟೇ ವ್ಯತ್ಯಾಸ. ಆದರೆ ಆ ಹೆಚ್ಚುವರಿ ಗುಂಪು ಇಕ್ಕಟ್ಟು ಮಾಡಿ, ರಾಮಚಂದ್ರನ್ ನಕ್ಷೆಯಲ್ಲಿ ಉಳಿದಿದ್ದ ದ್ವೀಪಗಳಲ್ಲೂ ಬಹುಪಾಲನ್ನು ಅಳಿಸಿಬಿಡುತ್ತದೆ. ಸರಪಳಿಗೆ ಸುರುಳಿಯಾಗುವುದನ್ನು ಬಿಟ್ಟು ಹೆಚ್ಚಿನ ದಾರಿ ಉಳಿಯುವುದಿಲ್ಲ. ಹಾಗೆ ಸುರುಳಿಯಾದ ಅಲಮೆಥಿಸಿನ್ ಅಣುಗಳು ಗುಂಪುಗೂಡಿ ಜೀವಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ. ಆರ್. ನಾಗರಾಜ್ ಮತ್ತು ಬಲರಾಮ್ 1981ರಲ್ಲಿ ಈ ಕುರಿತು ಬರೆದ ಸಮೀಕ್ಷೆ ಇಂದಿಗೂ ಓದಿಸಿಕೊಳ್ಳುತ್ತದೆ. ನಾಗರಾಜ್ ಮುಂದೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಂಡರು. ಬೆಂಗಳೂರಿನಲ್ಲಿ ಕಟ್ಟಿ ಹರಳುಗಟ್ಟಿಸಿದ ಐಬ್ ಪೆಪ್ಟೈಡ್‌ಗಳು ವಾಷಿಂಗ್ಟನ್‌ನ ನೌಕಾಪಡೆ ಸಂಶೋಧನಾಲಯಕ್ಕೆ ಹೋಗಿ, ಇಸಬೆಲ್ಲಾ ಕಾರ್ಲ್ ಎಂಬ ಮಹಾ ಹರಳುತಜ್ಞೆಯ ಎಕ್ಸ್‌ರೇ ಕಿರಣಗಳ ಎದುರು ನಿಂತವು. ಕಾರ್ಲ್–ಬಲರಾಮ್ ಜೋಡಿಯ ಹೆಸರಿನಲ್ಲಿ ಹೊರಬಂದ ರಚನೆಗಳು ಬರೀ ಚಿತ್ರಗಳಾಗಿರಲಿಲ್ಲ. ಇಷ್ಟು ಐಬ್ ಇಲ್ಲಿಟ್ಟರೆ ಸರಪಳಿ ಹೀಗೆ ಸುತ್ತುತ್ತದೆ ಎಂದು ಮುಂಚೆಯೇ ಹೇಳಬಲ್ಲ ವಿಶ್ವಾಸವನ್ನು ಅವು ಕೊಟ್ಟವು. ಮುಂದೆ ಇದೇ ಬಳಗ ನರನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಯಾಬಪೆಂಟಿನ್ನನ್ನೇ ಒಂದು ಕೊಂಡಿಯಾಗಿ ಸರಪಳಿಗೆ ಸೇರಿಸಿ, ಪ್ರಕೃತಿಯಲ್ಲಿಲ್ಲದ ಹೊಸ ಬಾಗುಗಳನ್ನು ತೋರಿಸಿತು. ಅಪರಿಚಿತ ಕೊಂಡಿಯಿಂದ ಪರಿಚಿತ ಆಕಾರ ತೆಗೆಯುವುದು ಹೇಗೆ? ಅನುಕಾರಿ ಅಣುಗಳ ವಿದ್ಯೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ವಿಜ್ಞಾನ ಸಂಸ್ಥೆಯ ಹೆಸರಿನ ಬೆಳಕಿನಲ್ಲಿ ಮಸುಕಾಗುವ ಇನ್ನೊಂದು ನೆಲೆಯನ್ನು ಇಲ್ಲಿ ಒತ್ತಿ ಹೇಳಲೇಬೇಕು. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಸೆಂಟ್ರಲ್ ಕಾಲೇಜಿನಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಕೆ. ಎಂ. ಶಿವಾನಂದಯ್ಯನವರು ಪೆಪ್ಟೈಡ್ ಜೋಡಿಸುವ ವಿಧಾನಗಳ ಮೇಲೆಯೇ ಕೆಲಸ ಮಾಡಿದರು. ಸರಪಳಿ ಕಟ್ಟುವಾಗ ಬೇಡದ ತುದಿಗಳು ಸೇರಿಕೊಳ್ಳದಂತೆ ಅವಕ್ಕೆ ತಾತ್ಕಾಲಿಕ ಮುಚ್ಚಳ ಹಾಕಬೇಕು, ಕೆಲಸ ಮುಗಿದ ಮೇಲೆ ತೆಗೆಯಬೇಕು. ಒಂದು ಬಗೆಯ ಮುಚ್ಚಳ ತೆಗೆಯಲು ಸಿಲಿಂಡರಿನ ಜಲಜನಕ ಅನಿಲ ಹಾಯಿಸುವುದು ರೂಢಿ. ಬೆಂಕಿಯ ಭಯ ಒಂದು ಕಡೆ, ಸಲಕರಣೆಯ ಖರ್ಚು ಇನ್ನೊಂದು ಕಡೆ. ಶಿವಾನಂದಯ್ಯ ಮತ್ತು ಎಸ್. ಗುರುಸಿದ್ದಪ್ಪ 1979ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಿಲಿಂಡರೇ ಬೇಡ, ಫಾರ್ಮಿಕ್ ಆಮ್ಲವೇ ಪಲ್ಲಾಡಿಯಂ ವೇಗವರ್ಧಕದ ಮೇಲೆ ಜಲಜನಕ ಒದಗಿಸುತ್ತದೆ. ಇಂಥ ಸುಧಾರಣೆಗಳು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ, ಆದರೆ ಕಡಿಮೆ ಅನುದಾನದ ಪ್ರಯೋಗಾಲಯವೊಂದು ಜಗತ್ತಿನ ಜೊತೆ ಹೆಜ್ಜೆ ಹಾಕಲು ಸಾಧ್ಯವಾಗುವುದು ಇವುಗಳಿಂದಲೇ. ಅವರ ಶಿಷ್ಯರಾದ ವಿ. ವಿ. ಸುರೇಶ್‌ಬಾಬು ಅದೇ ಕಾಲೇಜಿನಲ್ಲಿ ಪೆಪ್ಟೈಡ್ ಸಂಶೋಧನಾ ಪ್ರಯೋಗಾಲಯ ನಡೆಸಿದರು. ಅಮೈನೊ ಆಮ್ಲದ ಕ್ಲೋರೈಡ್‌ಗಳಿಂದ ಬೇಗ ಜೋಡಿಸುವ ವಿಧಾನಗಳಿಂದ ಹೊರಟು, ಪೆಪ್ಟೈಡ್ ಬಂಧದ ಜಾಗದಲ್ಲಿ ಯೂರಿಯಾ ಬಂಧ ಕೂರಿಸಿದ ಅನುಕಾರಿ ಅಣುಗಳವರೆಗೆ ಅವರ ಕೆಲಸ ಬೆಳೆಯಿತು. ಅಲ್ಲಿ ಪಿಎಚ್‌ಡಿ ಮಾಡಿದ ಎಚ್. ಎನ್. ಗೋಪಿ ನಂತರ ಬಲರಾಮ್ ಬಳಗದಲ್ಲೂ ದುಡಿದು ಈಗ ಪುಣೆಯ ಐಸರ್‌ನಲ್ಲಿ ಇದೇ ವಿದ್ಯೆಯನ್ನು ಮುಂದುವರಿಸಿದ್ದಾರೆ. ಕೈಕಸುಬು ಒಂದೆಡೆ, ಆಕಾರದ ಲೆಕ್ಕ ಇನ್ನೊಂದೆಡೆ. ಎರಡೂ ಒಬ್ಬನೇ ವಿದ್ಯಾರ್ಥಿಯಲ್ಲಿ ಕೂಡಿಕೊಂಡದ್ದು ಬೆಂಗಳೂರಿನಲ್ಲಿ ಈ ಎರಡು ನೆಲೆಗಳು ಕೆಲವೇ ಕಿಲೋಮೀಟರ್ ದೂರದಲ್ಲಿ ಇದ್ದುದರಿಂದ.

ಜಕ್ಕೂರಿನ ಕೇಂದ್ರ ಸ್ಥಾಪನೆಯಾದದ್ದು 1989ರಲ್ಲಿ, ನೆಹರೂ ಜನ್ಮಶತಾಬ್ದಿಯ ವರ್ಷ, ಸಿ. ಎನ್. ಆರ್. ರಾವ್ ಅವರ ಮುಂದಾಳತ್ವದಲ್ಲಿ. ಪೆಪ್ಟೈಡ್ ವಿದ್ಯೆ ಅಲ್ಲಿಗೆ ಬಂದಾಗ ಕಾಲ ಬದಲಾಗಿತ್ತು, ರೋಗದ ಹೆಸರು ಹೇಳಿಯೇ ಸಂಶೋಧನೆಗೆ ಇಳಿಯುವ ಕಾಲ ಅದು. ಜಯಂತ ಹಾಲ್ದಾರ್ ಅವರ ಪ್ರಯೋಗಾಲಯ ಹಿಡಿದದ್ದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳನ್ನು. ಹಿನ್ನೆಲೆ ಹೀಗಿದೆ. 1987ರಲ್ಲಿ ಮೈಕೆಲ್ ಝಾಸ್ಲಾಫ್ ಆಫ್ರಿಕದ ಒಂದು ಕಪ್ಪೆಯ ಚರ್ಮದಲ್ಲಿ ಮ್ಯಾಗೈನಿನ್ ಎಂಬ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು ಕಂಡರು. ಬ್ಯಾಕ್ಟೀರಿಯದ ಪೊರೆಯ ಹೊರಮೈ ನಮ್ಮ ಜೀವಕೋಶಗಳಿಗಿಂತ ಹೆಚ್ಚು ಋಣ ವಿದ್ಯುದಂಶದ್ದು. ಧನ ವಿದ್ಯುದಂಶ ಹೊತ್ತ ಪೆಪ್ಟೈಡ್ ಅದಕ್ಕೆ ಅಂಟಿಕೊಳ್ಳುತ್ತದೆ, ಕೊಬ್ಬನ್ನು ಬಯಸುವ ತನ್ನ ಇನ್ನೊಂದು ಬದಿಯಿಂದ ಪೊರೆಯನ್ನು ಹರಿಯುತ್ತದೆ. ಒಂದು ಕಿಣ್ವವನ್ನು ಬದಲಿಸಿಕೊಂಡು ಪಾರಾಗುವಷ್ಟು ಸುಲಭವಾಗಿ ಬ್ಯಾಕ್ಟೀರಿಯ ತನ್ನ ಇಡೀ ಪೊರೆಯನ್ನು ಬದಲಿಸಿಕೊಳ್ಳಲಾರದು, ಆದ್ದರಿಂದ ಆಸೆ ದೊಡ್ಡದಿತ್ತು. ಆದರೆ ಮ್ಯಾಗೈನಿನ್ನಿನಿಂದ ರೂಪಿಸಿದ ಪೆಕ್ಸಿಗನಾನ್ ಎಂಬ ಮುಲಾಮಿಗೆ, ಮಧುಮೇಹಿಗಳ ಪಾದದ ಹುಣ್ಣಿಗೆಂದು ತಂದಾಗ, ಅಮೆರಿಕದ ಎಫ್‌ಡಿಎ 1999ರಲ್ಲಿ ಒಪ್ಪಿಗೆ ಕೊಡಲಿಲ್ಲ. ಉದ್ದ ಸರಪಳಿ ಕಟ್ಟುವುದೂ ದುಬಾರಿ. ಜಕ್ಕೂರಿನ ಉತ್ತರ ಸರಳತೆಯ ಕಡೆಗಿತ್ತು. ಕಪ್ಪೆಯ ಪೆಪ್ಟೈಡಿನಲ್ಲಿ ಕೆಲಸಕ್ಕೆ ಬರುವುದು ಧನ ವಿದ್ಯುದಂಶ ಮತ್ತು ಕೊಬ್ಬುಪ್ರೀತಿಯ ಭಾಗ ಎರಡೇ ಆದರೆ, ಇಪ್ಪತ್ತಕ್ಕೂ ಮಿಕ್ಕಿದ ಕೊಂಡಿಗಳು ಏಕೆ? ಲೈಸಿನ್ ಎಂಬ ಒಂದೇ ಅಮೈನೊ ಆಮ್ಲಕ್ಕೆ ಒಂದು ಆರೊಮ್ಯಾಟಿಕ್ ಉಂಗುರವನ್ನೂ ಒಂದು ಇಂಗಾಲದ ಬಾಲವನ್ನೂ ಸೇರಿಸಿ ಹಾಲ್ದಾರ್ ಬಳಗ ಪುಟ್ಟ ಅನುಕಾರಿಗಳನ್ನು ಮಾಡಿತು. 2015ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಇವು ಎಂಆರ್‌ಎಸ್‌ಎ ಎಂಬ ಹಠಮಾರಿ ಸ್ಟೆಫಿಲೊಕಾಕಸ್ಸನ್ನು, ಅದು ಲೋಳೆ ಪದರ ಕಟ್ಟಿಕೊಂಡು ಅಡಗಿದ್ದಾಗಲೂ ಕೊಂದವು, ಇಲಿಗಳ ಚರ್ಮದ ಸೋಂಕನ್ನೂ ತಗ್ಗಿಸಿದವು. ಅಲ್ಲೇ ಇನ್ನೊಂದು ಪ್ರಯೋಗಾಲಯದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಓದಿ ಬಂದ ಟಿ. ಗೋವಿಂದರಾಜು ಆಲ್ಝೈಮರ್ ಕಾಯಿಲೆಯ ಕಡೆ ತಿರುಗಿದರು. ಮಿದುಳಿನಲ್ಲಿ ಗಂಟುಗಟ್ಟುವ ಅಮೈಲಾಯ್ಡ್ ಪೆಪ್ಟೈಡಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ತುಣುಕು ಚಿಕ್ಕದು. ಆ ತುಣುಕನ್ನೇ ಹೋಲುವ, ಆದರೆ ನಡುನಡುವೆ ಪೆಪ್ಟಾಯ್ಡ್ ಕೊಂಡಿ ಬೆರೆಸಿದ ಅಣು ಅಮೈಲಾಯ್ಡ್‌ಗೆ ಅಂಟಿಕೊಂಡು ಮುಂದಿನದು ಸೇರದಂತೆ ತಡೆಯುತ್ತದೆ, ಕಿಣ್ವಗಳಿಗೂ ಬೇಗ ಸಿಗುವುದಿಲ್ಲ. ಇದೂ 2015ರದೇ ಪ್ರಕಟಣೆ. ಗೋವಿಂದರಾಜು ಅವರಿಗೆ 2021ರ ಭಟ್ನಾಗರ್ ಪ್ರಶಸ್ತಿ ಬಂತು.

ಈ ಪರಂಪರೆಗೆ ಎದುರಾಗುವ ಮೊದಲ ಆಕ್ಷೇಪ, ಮೂಲ ಕಲ್ಪನೆಗಳೆಲ್ಲ ಹೊರಗಿನವು ಎಂಬುದು. ಪೆಪ್ಟಾಯ್ಡ್ ಕ್ಯಾಲಿಫೋರ್ನಿಯಾದ್ದು, ಘನ ಆಧಾರದ ಮೇಲೆ ಸರಪಳಿ ಕಟ್ಟುವ ವಿಧಾನ 1963ರ ಮೆರಿಫೀಲ್ಡ್ ಅವರದು, ಮ್ಯಾಗೈನಿನ್ ಝಾಸ್ಲಾಫ್ ಅವರದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ 1963ರಲ್ಲಿ ಮದರಾಸಿನಿಂದ ಹೊರಟ ನಕ್ಷೆ ಮೆರಿಫೀಲ್ಡ್ ಅವರ ವಿಧಾನದಷ್ಟೇ ಈ ಕ್ಷೇತ್ರದ ತಳಪಾಯ. ಒಂದು ವಿಧಾನ ಕಟ್ಟುವುದನ್ನು ಕಲಿಸಿತು, ಇನ್ನೊಂದು ಏನು ಕಟ್ಟಿದರೆ ನಿಲ್ಲುತ್ತದೆ ಎಂದು ಕಲಿಸಿತು. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಐವತ್ತು ವರ್ಷಗಳಲ್ಲಿ ಈ ಪ್ರಯೋಗಾಲಯಗಳಿಂದ ಒಂದಾದರೂ ಅನುಕಾರಿ ಔಷಧಿ ಮೆಡಿಕಲ್ ಶಾಪಿಗೆ ಬಂದಿದೆಯೇ? ಬಂದಿಲ್ಲವೆಂದು ಒಪ್ಪಿಕೊಂಡೇ ಮಾತಾಡಬೇಕು. ಇದರ ಕಾರಣವನ್ನು ರಸಾಯನಜ್ಞರ ಕೈಯಲ್ಲಿ ಹುಡುಕಿದರೆ ಸಿಗದು, ಹೆಬ್ಬಾಳದಲ್ಲಿ ಹುಡುಕಬೇಕು. 1980ರ ದಶಕದಲ್ಲಿ ಆರಂಭವಾದ, ಆಸ್ಟ್ರಾ ಔಷಧಿ ಕಂಪನಿಯ ಸಂಶೋಧನಾ ಕೇಂದ್ರವನ್ನು ಕಟ್ಟಿದ ಜೆ. ರಾಮಚಂದ್ರನ್ ಸ್ವತಃ ಪೆಪ್ಟೈಡ್ ಹಾರ್ಮೋನುಗಳ ತಜ್ಞ, ಕ್ಯಾಲಿಫೋರ್ನಿಯಾದಲ್ಲಿ ಸಿ. ಎಚ್. ಲೀ ಅವರ ಬಳಿ ಎಸಿಟಿಎಚ್ ಹಾರ್ಮೋನಿನ ಮೇಲೆ ದುಡಿದವರು. ಆ ಕೇಂದ್ರವೇ ಬೆಳೆದು ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಆಸ್ಟ್ರಾಝೆನೆಕಾದ ಸಂಶೋಧನಾಲಯವಾಗಿ ಕ್ಷಯ ಮತ್ತಿತರ ಸೋಂಕುಗಳಿಗೆ ಔಷಧಿ ಹುಡುಕುತ್ತಿತ್ತು. 2014ರಲ್ಲಿ ಕಂಪನಿ ಅದನ್ನು ಮುಚ್ಚುವುದಾಗಿ ಸಾರಿತು. ಪ್ರಯೋಗಾಲಯದ ಅಣುವನ್ನು ಪ್ರಾಣಿ, ವಿಷಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆಗಳ ಮೆಟ್ಟಿಲು ಹತ್ತಿಸಬಲ್ಲ ಅನುಭವಿಗಳು ಒಂದೇ ವರ್ಷದಲ್ಲಿ ಚದುರಿಹೋದರು. ಅವರಲ್ಲಿ ಕೆಲವರು ಬಗ್‌ವರ್ಕ್ಸ್ ಎಂಬ ಪುಟ್ಟ ಕಂಪನಿ ಕಟ್ಟಿ, ಎನ್‌ಸಿಬಿಎಸ್ ಆವರಣದ ಸಿ-ಕ್ಯಾಂಪ್ ಎಂಬ ಸಾರ್ವಜನಿಕ ಸಂಸ್ಥೆಯಲ್ಲಿ ನೆಲೆ ಕಂಡುಕೊಂಡು ಹೊಸ ಪ್ರತಿಜೈವಿಕಗಳ ಬೆನ್ನುಹತ್ತಿದರು. ಹೆಬ್ಬಾಳದಲ್ಲಿ ಆರಿದ ಒಲೆಯ ಕೆಂಡ ಸಹಕಾರನಗರದ ಬೆನ್ನಿಗೇ ಬಂದು ಉಳಿಯಿತು. ಬೆಂಗಳೂರಷ್ಟೇ ಎಡವಿತು ಎಂದುಕೊಳ್ಳುವಂತೆಯೂ ಇಲ್ಲ. ಅಮೆರಿಕದ ಅಕಾವೊಜೆನ್ ಕಂಪನಿ 2018ರಲ್ಲಿ ಹೊಸ ಪ್ರತಿಜೈವಿಕಕ್ಕೆ ಅನುಮತಿ ಪಡೆದು ಮರುವರ್ಷವೇ ದಿವಾಳಿ ಎದ್ದಿತು. ಹತ್ತು ದಿನ ಕೊಟ್ಟು ನಿಲ್ಲಿಸುವ, ಸಾಧ್ಯವಾದಷ್ಟು ಕೊಡದೇ ಇರಬೇಕಾದ ಔಷಧಿಯಿಂದ ಲಾಭ ಹುಟ್ಟದು. 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಸಾವುಗಳಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳೇ ನೇರ ಕಾರಣವೆಂದು ಲ್ಯಾನ್ಸೆಟ್ ಅಂದಾಜಿಸಿದ ಮೇಲೂ ಮಾರುಕಟ್ಟೆಯ ಈ ಲೆಕ್ಕ ಬದಲಾಗಿಲ್ಲ.

ಮೂರನೆಯ ಆಕ್ಷೇಪ ವೈದ್ಯರದು: ಪೊರೆ ಹರಿಯುವ ಅಣು ನಮ್ಮ ಕೋಶಗಳನ್ನೂ ಹರಿಯದೆ ಇರುತ್ತದೆಯೇ? ಈ ಭಯಕ್ಕೆ ಆಧಾರವಿದೆ. ಪಾಲಿಮಿಕ್ಸಿನ್ ಬಳಗದ ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು 1970ರ ದಶಕದಲ್ಲಿ ಮೂಲೆ ಸೇರಿತ್ತು. ಬೇರೆ ಯಾವ ಔಷಧಿಯೂ ನಾಟದ ಸೋಂಕುಗಳು ಐಸಿಯುಗಳಲ್ಲಿ ಹೆಚ್ಚಿದಾಗ ಅದನ್ನೇ ಮತ್ತೆ ಕರೆತರಬೇಕಾಯಿತು. ಅಷ್ಟರಲ್ಲಿ ಕೋಳಿಗಳ ತೂಕ ಹೆಚ್ಚಿಸಲು ಅದನ್ನೇ ಮೇವಿನಲ್ಲಿ ಬೆರೆಸುವ ರೂಢಿ ಬೆಳೆದಿತ್ತು. ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ. ಈ ದುರಂತದಿಂದ ನಾನು ಓದಿಕೊಳ್ಳುವುದು ಅನುಕರಣೆಯ ಪರವಾದ ಸಾಕ್ಷ್ಯವನ್ನೇ. ಪ್ರಕೃತಿ ಕೊಟ್ಟ ಪೆಪ್ಟೈಡ್ ಹೇಗಿದೆಯೋ ಹಾಗೇ ಬಳಸಿದರೆ ಅದರ ವಿಷವನ್ನೂ ಒಪ್ಪಿಕೊಳ್ಳಬೇಕು. ಅನುಕಾರಿಯಲ್ಲಿ ಬಾಲದ ಉದ್ದ, ವಿದ್ಯುದಂಶದ ಜಾಗ, ಕೊಂಡಿಯ ಬಾಗು ಎಲ್ಲವನ್ನೂ ಒಂದೊಂದಾಗಿ ತಿದ್ದಿ, ಕೆಂಪು ರಕ್ತಕಣ ಒಡೆಯದೆ ಬ್ಯಾಕ್ಟೀರಿಯ ಮಾತ್ರ ಒಡೆಯುವ ಹಂತ ಯಾವುದೆಂದು ಅಳೆಯಬಹುದು. ಜಕ್ಕೂರಿನಲ್ಲಿ ನಡೆಯುತ್ತಿರುವ ಪರೀಕ್ಷೆಗಳ ಬಹುಪಾಲು ಈ ತಿದ್ದುಪಡಿಯದೇ.

ಇನ್ನು ಶುದ್ಧ ಕುತೂಹಲದ ಕೆಲಸ ಯಾರಿಗೆ ಬೇಕು ಎನ್ನುವವರು ಐಬ್‌ನ ಮುಂದಿನ ಬಾಳನ್ನು ನೋಡಬೇಕು. ಎರಡು ನಿಮಿಷ ಬಾಳುವ ಜಿಎಲ್‌ಪಿ-1 ಹಾರ್ಮೋನನ್ನು ಡಿಪಿಪಿ-4 ಎಂಬ ಕಿಣ್ವ ಕತ್ತರಿಸುವುದು ತುದಿಯಿಂದ ಎರಡನೆಯ ಕೊಂಡಿಯಲ್ಲಿ. ಅಲ್ಲಿರುವ ಅಲನಿನ್ ತೆಗೆದು ಐಬ್ ಇಟ್ಟರೆ ಕಿಣ್ವಕ್ಕೆ ಇಕ್ಕಟ್ಟಾಗಿ ಕತ್ತರಿ ಆಡುವುದಿಲ್ಲ. ಇದಕ್ಕೆ ಒಂದು ಕೊಬ್ಬಿನ ಬಾಲ ಸೇರಿದಾಗ ಹುಟ್ಟಿದ್ದು ಸೆಮಗ್ಲೂಟೈಡ್, ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವ ಸಕ್ಕರೆ ಕಾಯಿಲೆಯ ಔಷಧಿ. ಅಮೆರಿಕದಲ್ಲಿ 2017ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದ ಟಿರ್ಜೆಪಟೈಡ್‌ನಲ್ಲಿ ಐಬ್ ಎರಡು ಕಡೆ ಇದೆ. ಈ ಔಷಧಿಗಳನ್ನು ಕಂಡುಹಿಡಿದದ್ದು ಡೆನ್ಮಾರ್ಕ್ ಮತ್ತು ಅಮೆರಿಕದ ಕಂಪನಿಗಳು. ಅವು ಬೆಂಗಳೂರಿನ ಪ್ರಬಂಧ ಓದಿ ಕೊಂಡಿ ಬದಲಿಸಿದವು ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಐಬ್ ಸರಪಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಯಶವಂತಪುರದ ಮಗ್ಗುಲಿನ ಆ ವಿಭಾಗದಿಂದಲೇ ಬಂದದ್ದು. ಬೂಷ್ಟಿನ ಒಂದು ವಿಚಿತ್ರ ಅಮೈನೊ ಆಮ್ಲಕ್ಕೆ ದಶಕಗಳನ್ನು ಕೊಟ್ಟದ್ದು ವ್ಯರ್ಥವಲ್ಲವೆಂದು ತೋರಿಸಲು ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಬೆಂಗಳೂರಿನ ಬಯೋಕಾನ್ 2024ರ ಮಾರ್ಚ್‌ನಲ್ಲಿ ಇದೇ ಕುಟುಂಬದ ಲಿರಾಗ್ಲೂಟೈಡ್‌ನ ಜೆನೆರಿಕ್ ರೂಪಕ್ಕೆ ಬ್ರಿಟನ್ನಿನ ಅನುಮತಿ ಪಡೆಯಿತು. ದೊಡ್ಡ ಪ್ರಮಾಣದಲ್ಲಿ ಶುದ್ಧ ಪೆಪ್ಟೈಡ್ ತಯಾರಿಸುವ ಸಾಮರ್ಥ್ಯ ಈ ಊರಿನಲ್ಲಿದೆ. ಹೊಸ ಅಣು ರೂಪಿಸುವ ಜಕ್ಕೂರಿಗೂ ಹಳೆಯ ಅಣುವನ್ನು ಅಗ್ಗವಾಗಿ ಮಾಡುವ ಬಯೋಕಾನ್‌ನ ಬೊಮ್ಮಸಂದ್ರಕ್ಕೂ ನಡುವೆ, ಹೆಬ್ಬಾಳದಲ್ಲಿದ್ದಂಥ ಮಧ್ಯದ ಮೆಟ್ಟಿಲು ಸಣ್ಣದಾಗಿಯೇ ಉಳಿದಿದೆ. ಸಿ-ಕ್ಯಾಂಪ್‌ನಂಥ ಸಾರ್ವಜನಿಕ ನೆಲೆಗೆ ವಿಷಪರೀಕ್ಷೆಯ ಹಣ ಸರ್ಕಾರದಿಂದಲೇ ಬರಬೇಕು, ಲಾಭ ಕಾಣದ ಪ್ರತಿಜೈವಿಕಕ್ಕೆ ಇನ್ಯಾರೂ ಕೊಡುವುದಿಲ್ಲ.

ಇತಿಹಾಸಕಾರರ ಪಾಲಿಗೂ ಒಂದು ಕೆಲಸವಿದೆ. ಜಿಕೆವಿಕೆಯೊಳಗಿನ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಸಾರ್ವಜನಿಕ ದಾಖಲೆ ಭಂಡಾರವೊಂದು ತೆರೆದಿದೆ, ಭಾರತದ ಆಧುನಿಕ ಜೀವವಿಜ್ಞಾನದ ಪತ್ರ, ಟಿಪ್ಪಣಿ, ಚಿತ್ರ, ಧ್ವನಿಮುದ್ರಣಗಳನ್ನು ಕೂಡಿಡಲೆಂದೇ. ವಿಜ್ಞಾನ ಸಂಸ್ಥೆಯ ದೊಡ್ಡ ಹೆಸರುಗಳ ಕಾಗದಗಳು ಹೇಗೂ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತವೆ. ಸೆಂಟ್ರಲ್ ಕಾಲೇಜಿನ ಪೆಪ್ಟೈಡ್ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳು, ಬೆಂಚಿನ ಬಳಿ ಗೀಚಿಟ್ಟ ಇಳುವರಿ ಲೆಕ್ಕಗಳು, ಯಾವ ದ್ರಾವಕ ಸಿಗದೆ ಯಾವುದನ್ನು ಬಳಸಿದರು ಎಂಬ ಟಿಪ್ಪಣಿಗಳು ಇನ್ನೂ ಎಲ್ಲಾದರೂ ಉಳಿದಿದ್ದರೆ ಅವುಗಳಿಗೂ ಆ ಭಂಡಾರದಲ್ಲಿ ಜಾಗ ಸಿಗಬೇಕು. ನಿವೃತ್ತರಾದ ಅಧ್ಯಾಪಕರೂ ಆ ಕಾಲದ ಸಂಶೋಧಕರೂ ಇನ್ನೂ ಮಾತಿಗೆ ಸಿಗುವ ವಯಸ್ಸಿನಲ್ಲಿರುವಾಗಲೇ ಈ ಕೆಲಸ ಶುರುವಾಗಬೇಕು.